ನೋಡು, ನೋಡಿಕೋ ಗೊತ್ತಿದ್ದರೆ ಲುಕ್ ಆಫ್ಟರ್ ಕಷ್ಟವಲ್ಲ

ಪ್ರಶ್ನೆ: ನಾನು ಪಾವಗಡ ತಾಲ್ಲೂಕಿನ ಸರ್ಕಾರಿ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದೇನೆ. ಮನೆಮಾತು ತೆಲುಗು, ಓದು ಕನ್ನಡದಲ್ಲಿ. ಇಂಗ್ಲಿಷಿನ ಲುಕ್, ಗಿವ್, ಪುಟ್ ಎಲ್ಲ ಗೊತ್ತು. ಅವುಗಳ ಜೊತೆ ಆಫ್ಟರ್, ಅಪ್, ಆಫ್ ಸೇರಿದರೆ ಅರ್ಥವೇ ಬೇರೆಯಾಗಿಬಿಡುತ್ತದೆ. ಪಟ್ಟಿ ಉರುಹೊಡೆದರೂ ಪರೀಕ್ಷೆಯಲ್ಲಿ ಎಲ್ಲ ಕಲಸಿಹೋಗುತ್ತದೆ. ನನ್ನ ತಲೆಗೆ ಇಂಗ್ಲಿಷ್ ಹತ್ತುವುದೇ ಇಲ್ಲವೇ, ಮೇಡಂ?

ಉತ್ತರ: ಹತ್ತುತ್ತದೆ ಮಗಳೇ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಮಕ್ಕಳು ತಡವರಿಸುವುದು ಇಲ್ಲಿಯೇ. ಶಿರಾ, ಕೊರಟಗೆರೆಯ ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ಎರಡನೆಯ ಭಾಷೆ, ನಿನಗೆ ಮೂರನೆಯದು. ಅದನ್ನು ದಡ್ಡತನ ಎಂದುಕೊಳ್ಳಬೇಡ.

'ಮೇಕೆ ನೋಡು' ಅಂದರೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. 'ಮೇಕೆ ನೋಡಿಕೋ' ಅಂದರೆ ಸಂಜೆಯವರೆಗೆ ಅದರ ಮೇವು, ನೀರು ನಿನ್ನ ಹೊಣೆ. ತೆಲುಗಿನಲ್ಲಿ ಚೂಡು, ಚೂಸುಕೋ ಕೂಡ ಹಾಗೆಯೇ. ಈ ಸೂಕ್ಷ್ಮ ನಿನಗೆ ಎರಡು ಭಾಷೆಯಲ್ಲಿ ಆಗಲೇ ಬರುತ್ತದೆ. ಇಂಗ್ಲಿಷ್ ಅದೇ ಕೆಲಸವನ್ನು ಪಕ್ಕದಲ್ಲೊಂದು ಸಣ್ಣ ಪದ ಇಟ್ಟು ಮಾಡುತ್ತದೆ: ಲುಕ್ ಅಟ್ ಎಂದರೆ ನೋಡು, ಲುಕ್ ಆಫ್ಟರ್ ನೋಡಿಕೋ, ಲುಕ್ ಫಾರ್ ಹುಡುಕು, ಲುಕ್ ಇನ್‌ಟು ವಿಚಾರಣೆ ಮಾಡು. 'ಗಿವ್ ಅಪ್' ಅನ್ನು 'ಮೇಲಕ್ಕೆ ಕೊಡು' ಎಂದು ಬಿಡಿಸಲು ಹೋಗಬೇಡ. ನಮ್ಮಲ್ಲಿ ಕೈಕೊಟ್ಟವನು ಕೈಯನ್ನೇನೂ ಕೊಟ್ಟಿರುವುದಿಲ್ಲವಲ್ಲ! ಗಿವ್ ಅಪ್ ಅಂದರೆ ಕೈಬಿಡು, ಇಡಿಯಾಗಿ ಒಂದೇ ಮಾತು.

ಪಟ್ಟಿ ಬದಿಗಿಡು. ಪಾವಗಡದಲ್ಲಿ ಬಸ್ ಹತ್ತಿ ಮಧುಗಿರಿಯಲ್ಲಿ ಇಳಿದರೆ ಗೆಟ್ ಆನ್, ಗೆಟ್ ಆಫ್. ಅಲ್ಲಿಂದ ಆಟೋ ಹಿಡಿದರೆ ಗೆಟ್ ಇನ್‌ಟು, ಗೆಟ್ ಔಟ್ ಆಫ್. ಒಳಗೆ ನಿಂತು ಓಡಾಡಬಹುದಾದ ಬಸ್ಸು, ರೈಲಿಗೆ ಆನ್, ಆಫ್; ಬಗ್ಗಿ ನುಸುಳಿ ಕೂರುವ ಆಟೋ, ಕಾರಿಗೆ ಇನ್, ಔಟ್. ದಿನದ ಓಡಾಟಕ್ಕೆ ಅಂಟಿಕೊಂಡ ಮಾತು ಪರೀಕ್ಷೆಯ ಹಾಲ್‌ನಲ್ಲೂ ನೆನಪಿಗೆ ಬರುತ್ತದೆ.

ಒಂದು ಎಚ್ಚರ. 'ಮಧುಗಿರಿಗೆ ತಲುಪಿದೆ' ಎಂಬ 'ಗೆ' ಮನಸ್ಸಿನಲ್ಲಿರುವುದರಿಂದ 'ರೀಚ್ಡ್ ಟು ಮಧುಗಿರಿ' ಎಂದು ಬರೆದುಬಿಡುತ್ತೇವೆ. ರೀಚ್‌ಗೆ ಟು ಬೇಡ. 'ಬಗ್ಗೆ ಚರ್ಚಿಸು' ಎನ್ನುವ ರೂಢಿಯಿಂದ 'ಡಿಸ್ಕಸ್ ಅಬೌಟ್' ಬರುತ್ತದೆ, ಅಲ್ಲಿ ಅಬೌಟ್ ಬೇಡ. ಯಾರನ್ನೋ, ಯಾವುದನ್ನೋ ಕಾಯುವಾಗ ವೇಟ್‌ಗೆ ಮಾತ್ರ ಫಾರ್ ಬೇಕೇ ಬೇಕು. ಪುಟ್ ಆಫ್ ಎಂದರೆ ಮುಂದೂಡು. 'ಇಟ್' ಬಂದಾಗ ಅದು ನಡುವೆ ಕೂರಬೇಕು, 'ಪುಟ್ ಇಟ್ ಆಫ್'. ಲುಕ್ ಆಫ್ಟರ್‌ಗೆ ಹಾಗಿಲ್ಲ, 'ಲುಕ್ ಆಫ್ಟರ್ ಇಟ್' ಎಂದೇ ಬರೆಯಬೇಕು.

ಈ ವಾರ ಲುಕ್ ಒಂದನ್ನೇ ತಗೋ. ನಾಲ್ಕು ಅರ್ಥಕ್ಕೆ ನಾಲ್ಕು ವಾಕ್ಯ, ಎಲ್ಲವೂ ನಿಮ್ಮ ಮನೆ, ಹೊಲ, ಶಾಲೆಯದೇ ಆಗಿರಲಿ. ಬರೆದು ನಿಮ್ಮ ಇಂಗ್ಲಿಷ್ ಮೇಷ್ಟ್ರಿಗೆ ತೋರಿಸು. ತಪ್ಪು ಗುರುತು ಹಾಕಿದರೆ ಯಾಕೆ ಸರ್ ಎಂದು ಧೈರ್ಯವಾಗಿ ಕೇಳು.