ಹಟ್ಟಿಗಳ ನಾಡಿನಲ್ಲಿ ಎರಡು ದಿನ: ಚಳ್ಳಕೆರೆ, ಮೊಳಕಾಲ್ಮುರು

ಚಳ್ಳಕೆರೆ ಎಂದರೆ ಎಣ್ಣೆ ಗಿರಣಿ, ಶೇಂಗಾ, ಕಂಬಳಿ. ಮೊಳಕಾಲ್ಮುರು ಎಂದರೆ ರೇಷ್ಮೆ ಸೀರೆ, ಅಶೋಕನ ಶಾಸನ. ಬಂದವರು ಇಷ್ಟು ನೋಡಿಕೊಂಡು ಬಳ್ಳಾರಿಯ ದಾರಿ ಹಿಡಿಯುತ್ತಾರೆ. ನನ್ನ ಮಾತು ಕೇಳುವುದಾದರೆ ಎರಡು ದಿನ ಬಿಡುವು ಮಾಡಿಕೊಂಡು, ಹೆದ್ದಾರಿಯಿಂದ ಒಳಗೆ ಹೊರಳಿ ಹಟ್ಟಿಗಳಿಗೆ ಹೋಗಿ. ದನ, ಕುರಿ ಸಾಕುವ ಮ್ಯಾಸನಾಯಕರು, ಕಾಡುಗೊಲ್ಲರು ತಲೆಮಾರುಗಳಿಂದ ತಮ್ಮದೇ ಲೆಕ್ಕಾಚಾರದಲ್ಲಿ ಕಟ್ಟಿಕೊಂಡ ಊರುಗಳಿವು. ಇವುಗಳಲ್ಲಿ ಎಷ್ಟೋ ಇತ್ತೀಚಿನವರೆಗೂ ಸರ್ಕಾರದ ಕಾಗದದಲ್ಲಿ ಊರುಗಳೇ ಆಗಿರಲಿಲ್ಲ.

ಬೆಂಗಳೂರಿನಿಂದ ಬರುವವರು ಹಿರಿಯೂರಿನಲ್ಲಿ ಹೊರಳಿ 150ಎ ಹೆದ್ದಾರಿ ಹಿಡಿದರೆ ಒಟ್ಟು ಇನ್ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಚಳ್ಳಕೆರೆ ಸಿಗುತ್ತದೆ. ಚಿತ್ರದುರ್ಗದಿಂದ ಮುಕ್ಕಾಲು ಗಂಟೆ ಸಾಕು. ಚಿಕ್ಕಜಾಜೂರು–ರಾಯದುರ್ಗ–ಬಳ್ಳಾರಿ ರೈಲು ಹಾದಿಯಲ್ಲೂ ಚಳ್ಳಕೆರೆ ಇದೆ. ಉಳಿಯಲು ಊರಲ್ಲಿ ಸಾಧಾರಣ ಲಾಡ್ಜುಗಳಿವೆ, ಇನ್ನಷ್ಟು ಅನುಕೂಲ ಬೇಕೆಂದರೆ ಚಿತ್ರದುರ್ಗದಲ್ಲಿ ಉಳಿಯಿರಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಿವು, ಏಪ್ರಿಲ್ ಬಿಸಿಲಲ್ಲಿ ಬಂದರೆ ನಿಮಗೂ ಕಷ್ಟ, ನಿಮ್ಮನ್ನು ಕೂರಿಸಿ ನೀರು ಕೊಡುವವರಿಗೂ ಕಷ್ಟ. ಕುಡಿಯುವ ನೀರು ನೀವೇ ಒಯ್ಯಿರಿ. ಇಲ್ಲಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು.

ಮೊದಲ ದಿನ ಬೆಳಿಗ್ಗೆ ನನ್ನಿವಾಳದ ಕಡೆ ಹೋಗಿ. ಮ್ಯಾಸನಾಯಕರ ಕಟ್ಟೆಮನೆಗಳಲ್ಲಿ ಇದೂ ಒಂದು. ಕಟ್ಟೆಮನೆ ಎಂದರೆ ಹಲವು ಹಟ್ಟಿಗಳ ನ್ಯಾಯ, ದೇವರು, ಮದುವೆಯ ಮಾತು ಎಲ್ಲ ಕೂಡುವ ಜಾಗ. ಹಟ್ಟಿಯ ಹತ್ತಿರ ಬಂದಾಗ ಮೊದಲು ಮನೆಗಳನ್ನಲ್ಲ, ರೊಪ್ಪವನ್ನು ನೋಡಿ. ದೇವರ ಎತ್ತುಗಳನ್ನು ಕೂಡುವ ದೊಡ್ಡಿ ಅದು. ಈ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಅವನ್ನು ಕಾಯುವ ಕಿಲಾರಿ ರಾತ್ರಿ ಹಗಲು ಅವುಗಳ ಜೊತೆಗೇ ಇರುತ್ತಾನೆ. ರೊಪ್ಪದ ಹತ್ತಿರ ಚಪ್ಪಲಿ ಬಿಡಿ. ಬುತ್ತಿಯಲ್ಲಿ ಕೋಳಿ ಇರಲೇಬಾರದು, ಮ್ಯಾಸನಾಯಕರಿಗೂ ಕಾಡುಗೊಲ್ಲರಿಗೂ ಅದು ನಿಷಿದ್ಧ. ಊರಿನ ಯಜಮಾನರನ್ನೋ ಪೂಜಾರಿಯನ್ನೋ ಕಂಡು, ಯಾರು, ಯಾಕೆ ಬಂದಿರಿ ಎಂದು ಹೇಳಿಕೊಂಡ ಮೇಲೇ ಕ್ಯಾಮೆರಾ ತೆಗೆಯಿರಿ.

ಹಳೆಯ ಮನೆಗಳು ಮೇಲ್ಮುದ್ದೆಯವು. ಗೋಡೆ ಕಲ್ಲು–ಮಣ್ಣಿನದು, ಮಾಳಿಗೆಗೆ ತೊಲೆ, ಜಂತೆ, ಮೇಲೆ ಕರಲು ಮಣ್ಣು. ಬಿದ್ದ ಅಲ್ಪ ಮಳೆಯನ್ನು ಈ ಮಣ್ಣು ಒಳಗೆ ಇಳಿಸುವುದಿಲ್ಲ, ಬೇಸಿಗೆಯ ಕಾವನ್ನೂ ತಡೆಯುತ್ತದೆ. ಪಕ್ಕದಲ್ಲೇ ವಸತಿ ಯೋಜನೆಯ ಆರ್‌ಸಿಸಿ ಮನೆ ನಿಂತಿರುತ್ತದೆ. ಎರಡರೊಳಗೂ ಮಧ್ಯಾಹ್ನ ಒಂದೊಂದು ಗಳಿಗೆ ಕುಳಿತು ನೋಡಿ. ಹೊಸ ಮನೆ ಕೇಳಿದವರದು ತಪ್ಪಲ್ಲ. ಮಾಳಿಗೆಗೆ ವರ್ಷವರ್ಷ ಮಣ್ಣು ಹೊರುವ ಕೆಲಸ ಹಗುರದ್ದಲ್ಲ. ಆದರೆ ಒಂದೇ ಅಳತೆಯ ನಕ್ಷೆಯನ್ನು ಮಲೆನಾಡಿಗೂ ಈ ಬಯಲಿಗೂ ಹಂಚಿದವರು ಇಲ್ಲಿನ ಒಬ್ಬ ಗೌಂಡಿಯನ್ನಾದರೂ ಕೇಳಬೇಕಿತ್ತು.

ಕಾಗದದ ಕಥೆ ತಿಳಿಯದೆ ಹಟ್ಟಿ ಅರ್ಥವಾಗುವುದಿಲ್ಲ. ಗೊಲ್ಲರಹಟ್ಟಿ, ನಾಯಕರಹಟ್ಟಿ, ಲಂಬಾಣಿ ತಾಂಡ ಇವೆಲ್ಲ ಎಷ್ಟೋ ಕಡೆ ಯಾರದೋ ಸರ್ವೆ ನಂಬರಿನಲ್ಲೋ ಸರ್ಕಾರದ ಜಮೀನಿನಲ್ಲೋ ನಿಂತಿದ್ದವು. ಮನೆಯಿತ್ತು, ಮನೆಗೆ ದಾಖಲೆಯಿರಲಿಲ್ಲ. ದಾಖಲೆಯಿಲ್ಲದ ಮನೆಗೆ ಬ್ಯಾಂಕು ಸಾಲ ಕೊಡದು, ಯೋಜನೆಯ ಹಣವೂ ಬಾರದು. ಅಮೆರಿಕದ ನಗರಗಳಲ್ಲಿ 1930ರ ದಶಕದಲ್ಲಿ ಕಪ್ಪು ಜನರ ಬಡಾವಣೆಗಳ ಮೇಲೆ ನಕ್ಷೆಯಲ್ಲಿ ಕೆಂಪು ಬಣ್ಣ ಬಳಿದು, ಅಲ್ಲಿನ ಮನೆಗಳಿಗೆ ಸಾಲ ಹುಟ್ಟದಂತೆ ಮಾಡಿದ್ದರು. ಇಲ್ಲಿ ಬಣ್ಣ ಬಳಿಯುವುದಕ್ಕೂ ನಕ್ಷೆಯಲ್ಲಿ ಊರಿರಲಿಲ್ಲ. ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 2017ರಲ್ಲಿ ‘ವಾಸಿಸುವವನೇ ನೆಲದೊಡೆಯ’ ಎಂಬ ಮಾತು ಕಾನೂನಾಯಿತು. ಆಮೇಲೆ ರಾಜ್ಯದ ಹಟ್ಟಿ, ತಾಂಡ, ಹಾಡಿಗಳು ಒಂದೊಂದಾಗಿ ಕಂದಾಯ ಗ್ರಾಮಗಳಾಗತೊಡಗಿದವು.

ಒಂದು ಹಟ್ಟಿಯಲ್ಲಿ ಅಜ್ಜಿಯೊಬ್ಬರು ನನ್ನನ್ನು ಜಗಲಿಯ ಮೇಲೆ ಕೂರಿಸಿ, ಒಳಗಿನ ಟ್ರಂಕಿನಿಂದ ಲ್ಯಾಮಿನೇಷನ್ ಮಾಡಿಸಿದ ಹಕ್ಕುಪತ್ರ ತಂದರು. ಮಡಿಸಿದ ಗೆರೆಗಳು ಪ್ಲಾಸ್ಟಿಕ್ಕಿನೊಳಗೂ ಕಾಣುತ್ತಿದ್ದವು. “ಇದ್ರಾಗೆ ನನ್ ಹೆಸ್ರು ಎಲ್ಲೈತೆ, ಬೆರಳಿಟ್ಟು ತೋರ್ಸಪ್ಪಾ” ಎಂದರು. ತೋರಿಸಿದೆ. ಅವರು ಸೆರಗಿನಿಂದ ಆ ಜಾಗ ಒರೆಸಿ, ತಾವೂ ಬೆರಳಿಟ್ಟು, ಸ್ವಲ್ಪ ಹೊತ್ತು ಹಾಗೆಯೇ ಇದ್ದರು.

ಕಾಡುಗೊಲ್ಲರ ಹಟ್ಟಿ ನೋಡಲು ಯಲಗಟ್ಟೆ ಗೊಲ್ಲರಹಟ್ಟಿಗೆ ಹೋಗಬಹುದು. ಸಾವಿರಾರು ಹಾಡುಗಳನ್ನು ನಾಲಿಗೆಯಲ್ಲೇ ಇಟ್ಟುಕೊಂಡಿದ್ದ ನಾಡೋಜ ಸಿರಿಯಜ್ಜಿಯ ಊರಿದು. ಜನವರಿಯಲ್ಲಿ ಬರುವವರು ಪುರ್ಲಹಳ್ಳಿಯಲ್ಲಿ ಕಾಡುಗೊಲ್ಲರ ದೇವರು ಕ್ಯಾತಪ್ಪನ ಜಾತ್ರೆಯ ದಿನ ವಿಚಾರಿಸಿಕೊಂಡು ಬನ್ನಿ. ಬಾರೆ, ಕಳ್ಳೆ ಮುಳ್ಳುಗಳನ್ನೇ ಒಟ್ಟಿ ಎತ್ತರದ ಗುಡಿ ಕಟ್ಟುತ್ತಾರೆ, ಕೊನೆಯಲ್ಲಿ ಹರೆಯದವರು ಬರಿಗಾಲಲ್ಲಿ ಆ ಮುಳ್ಳು ಹತ್ತಿ ಕಳಶ ಕೀಳುತ್ತಾರೆ. ಹಟ್ಟಿಯ ಸುತ್ತ, ಕುರಿರೊಪ್ಪದ ಸುತ್ತ ಬೇಲಿಯಾಗುವ ಮುಳ್ಳೇ ಇಲ್ಲಿ ಗೋಪುರ.

ಹಟ್ಟಿಯಲ್ಲಿ ಕಣ್ಣು ತಪ್ಪಿಸಲಾಗದ ಇನ್ನೊಂದಿದೆ. ಮುಟ್ಟಾದ ಹೆಣ್ಣುಮಕ್ಕಳನ್ನು, ಹೆತ್ತ ಬಾಣಂತಿಯನ್ನು ಊರ ಹೊರಗಿನ ಗುಡಿಸಲಲ್ಲಿ ಇರಿಸುವ ಪದ್ಧತಿ ಹಲವು ಗೊಲ್ಲರಹಟ್ಟಿಗಳಲ್ಲಿ ಇನ್ನೂ ಹೋಗಿಲ್ಲ. ಅವರು ಮಳೆ, ಚಳಿಯಲ್ಲಿ ನರಳಬಾರದೆಂದು ಸರ್ಕಾರ ‘ಕೃಷ್ಣ ಕುಟೀರ’ಗಳನ್ನು ಕಟ್ಟಿಸಿತು. ಸೂರು ಸಿಕ್ಕಿತು ನಿಜ. ಆದರೆ ಹೊರಗಿಡುವುದಕ್ಕೇ ಸರ್ಕಾರಿ ಕಟ್ಟಡವಾಯಿತಲ್ಲ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ. ಅಲ್ಲಿ ಕುಳಿತ ಹೆಣ್ಣುಮಕ್ಕಳ ಫೋಟೊ ತೆಗೆಯಬೇಡಿ. ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಅಕ್ಕ ಸಿಕ್ಕರೆ ಮಾತಾಡಿಸಿ. ಊರೊಳಗೆ ಏನು ಬದಲಾಗುತ್ತಿದೆ ಎಂದು ಅವರಿಗೆ ಗೊತ್ತಿರುತ್ತದೆ. ಹಾಗೆಯೇ ದೊಡ್ಡ ಊರುಗಳ ಅಂಚಿನಲ್ಲಿರುವ ದಲಿತರ ಎ.ಕೆ. ಕಾಲೊನಿಗಳಿಗೂ ಕಾಲಿಡಿ. ಊರಿನ ಕೊನೆಯ ಮನೆಗೂ ಕಾಲೊನಿಯ ಮೊದಲ ಮನೆಗೂ ನಡುವೆ ಎಷ್ಟು ಹೆಜ್ಜೆ, ಚರಂಡಿ ಯಾವ ಕಡೆ ಹರಿಯುತ್ತದೆ ಎಂದು ನಡೆದೇ ನೋಡಿ.

ಮಧ್ಯಾಹ್ನ ಮುದ್ದೆ, ಶೇಂಗಾ ಚಟ್ನಿ ಉಂಡು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ದರ್ಶನ ಮಾಡಿ, ಕುದಾಪುರದ ಕಡೆ ಹೊರಳಿ. ಇದು ಅಮೃತ್ ಮಹಲ್ ಕಾವಲು. ಮೈಸೂರು ಅರಸರ ಕಾಲದಿಂದ ದನ, ಕುರಿ ಮೇಯುತ್ತಿದ್ದ ಹುಲ್ಲುಗಾವಲು. ಸುಮಾರು 10,000 ಎಕರೆ ಈಗ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳ ಕೈಯಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಇಲ್ಲೇ ಇದೆ. ಹಳ್ಳಿಗರು ಹೋರಾಡಿದರು, ಹಸಿರು ನ್ಯಾಯಮಂಡಳಿಯವರೆಗೂ ವ್ಯಾಜ್ಯ ಹೋಯಿತು. ಒಳಗೆ ಪ್ರವೇಶವಿಲ್ಲ, ಸುತ್ತಲಿನ ಗೋಡೆಯ ಫೋಟೊ ಬೇಡ. ರಸ್ತೆಯ ಬದಿಯಲ್ಲಿ ಒಬ್ಬ ಕುರಿಗಾಹಿಯನ್ನು ಕೇಳಿ, ಮೊದಲು ಎಲ್ಲಿ ಮೇಯಿಸುತ್ತಿದ್ದಿರಿ ಎಂದು. ಅವನು ಕೋಲು ಎತ್ತಿ ಗೋಡೆಯ ಆಚೆ ತೋರಿಸುತ್ತಾನೆ. ಮನೆಗೆ ಹಕ್ಕುಪತ್ರ ಸಿಕ್ಕಿ ಕಾವಲು ಹೋದರೆ ಹಟ್ಟಿಗೆ ಉಳಿಯುವುದು ಗೋಡೆಗಳು ಮಾತ್ರ.

ಎರಡನೆಯ ದಿನ ಮೊಳಕಾಲ್ಮುರು. ಬೆಳಗಿನ ತಂಪಲ್ಲಿ ಬ್ರಹ್ಮಗಿರಿ, ಸಿದ್ದಾಪುರದ ಅಶೋಕನ ಶಾಸನಗಳನ್ನು ನೋಡಿಬಿಡಿ. ಶಾಸನತಜ್ಞ ಬಿ.ಎಲ್. ರೈಸ್ ಇವನ್ನು 1892ರಲ್ಲಿ ಬೆಳಕಿಗೆ ತಂದರು, 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಹತ್ತಲು ಶಕ್ತಿಯಿದ್ದರೆ ಜಟಿಂಗ ರಾಮೇಶ್ವರ ಬೆಟ್ಟವೂ ಇದೆ.

ಆಮೇಲೆ ನೇಕಾರರ ಕೇರಿ. ಅಂಗಡಿಗಿಂತ ಮೊದಲು ಮಗ್ಗದ ಮನೆಗೆ ಹೋಗಿ, ಊರಲ್ಲಾಗಲಿ ಕೊಂಡ್ಲಹಳ್ಳಿಯಲ್ಲಾಗಲಿ. ಗುಂಡಿ ಮಗ್ಗಕ್ಕೆ ನೆಲ ಅಗೆದಿರುತ್ತಾರೆ, ನೇಯುವವರ ಕಾಲು ಆ ಗುಂಡಿಯೊಳಗೆ. ನೆಲದ ತಂಪು ರೇಷ್ಮೆಯ ಎಳೆಗೆ ಬೇಕು. ಗಾಳಿ ಒಣಗಿದರೆ ಎಳೆ ಹರಿಯುತ್ತದೆ. ಒಂದು ಕೋಣೆಯ ಕಾಂಕ್ರೀಟು ಮನೆಯಲ್ಲಿ ಮಗ್ಗ ಇಟ್ಟರೆ ಮಲಗಲು ಜಾಗವಿಲ್ಲ, ಮಲಗಿದರೆ ಮಗ್ಗಕ್ಕೆ ಜಾಗವಿಲ್ಲ. ನೇಕಾರನಿಗೆ ಮನೆ ಎಂದರೆ ಕೆಲಸದ ಜಾಗವೂ ಹೌದು ಎಂದು ಒಪ್ಪಿದ ಯೋಜನೆಯೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸೀರೆ ಕೊಳ್ಳುವುದಾದರೆ ನೇಯ್ದವರಿಂದಲೇ ಕೊಳ್ಳಿ, ಭೌಗೋಳಿಕ ಸೂಚಿಕೆಯ ಗುರುತು ಇದೆಯೇ ಎಂದು ಕೇಳಿ, ಚೌಕಾಸಿ ಮಾಡಬೇಡಿ.

ಹಿಂತಿರುಗುವಾಗ ಹೊತ್ತು ಇಳಿದಿರುತ್ತದೆ. ದನ, ಕುರಿ ಹಟ್ಟಿಗೆ ಮರಳುವ ವೇಳೆಯದು. ದಾರಿಯ ಪಕ್ಕ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಹಾರ್ನ್ ಮಾಡದೆ ಕೊನೆಯ ಮರಿ ದಾಟುವವರೆಗೆ ಕಾಯಿರಿ.