ಇರುವೆ ಎಷ್ಟಿವೆ ಎನ್ನುವುದಲ್ಲ, ಎಷ್ಟು ಬಗೆ ಎನ್ನುವುದು

ಎಲೆಕೋಸಿನ ಸಾಲಿನಲ್ಲಿ ಇರುವೆ ಕಂಡೊಡನೆ ವಿಷದ ಪುಡಿ ಎರಚುವ ರೂಢಿ ನಮ್ಮ ರೈತ ಬಾಂಧವರಲ್ಲಿ ಹಲವರಿಗಿದೆ. ಹಿಂದೆ ಕೈಗೆ ಸುಲಭವಾಗಿ ಸಿಗುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು ಸರಕಾರ 1997ರಲ್ಲೇ ನಿಷೇಧಿಸಿತು. ಆದರೂ ಪುಡಿ ಎರಚುವ ಅಭ್ಯಾಸ ಹೋಗಿಲ್ಲ. ಎರಚುವ ಮೊದಲು ಇರುವೆಯನ್ನು ಸ್ವಲ್ಪ ಗಮನಿಸೋಣ.

ಮರ ಕಡಿದು ಅಗೆದ ನೆಲದಲ್ಲಿ ಇರುವೆಗಳ ಸಂಖ್ಯೆ ಕಡಿಮೆಯಾಗಲೇಬೇಕೆಂದಿಲ್ಲ, ಹೆಚ್ಚಲೂಬಹುದು. ಕಡಿಮೆಯಾಗುವುದು ಬಗೆಗಳು. ಕೊಳೆತ ದಿಮ್ಮಿಯಲ್ಲಿ, ತರಗೆಲೆಯಡಿಯಲ್ಲಿ ವಾಸಿಸಿ ಸಣ್ಣ ಹುಳುಗಳನ್ನು ಬೇಟೆಯಾಡುವ ಇರುವೆಗಳು ಮೊದಲು ಮರೆಯಾಗುತ್ತವೆ. ಸಿಕ್ಕಿದ್ದನ್ನೆಲ್ಲ ತಿನ್ನುವ ಒಂದೆರಡು ಜಾತಿಗಳು ಉಳಿದು ಜಾಗವನ್ನೆಲ್ಲ ಹಿಡಿಯುತ್ತವೆ. ಇವುಗಳಲ್ಲಿ ಕೆಲವು ಸಸ್ಯಹೇನುಗಳ ಸಿಹಿ ಅಂಟಿಗಾಗಿ ಅವನ್ನು ಕಾಯುತ್ತವೆ, ಹೇನು ತಿನ್ನಲು ಬರುವ ಗುಲಗಂಜಿ ಹುಳುವನ್ನು ಓಡಿಸುತ್ತವೆ. ನಷ್ಟ ನಮಗೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಮತ್ತು ಸಂಗಡಿಗರು ಉತ್ತರ ಕನ್ನಡ ಜಿಲ್ಲೆಯ ಹಲವು ಕಡೆ ಇರುವೆಗಳನ್ನು ಸಂಗ್ರಹಿಸಿ 1993ರಲ್ಲಿ ವರದಿ ಪ್ರಕಟಿಸಿದರು. ಅವರು ಒಂದೇ ವಿಧಾನವನ್ನು ನೆಚ್ಚಲಿಲ್ಲ. ನೆಲದಲ್ಲಿ ಹೂತ ಪಾತ್ರೆ, ಬೀಸುಬಲೆ, ದೀಪದ ಬಲೆ, ಕಣ್ಣಿನ ಹುಡುಕಾಟ ಎಲ್ಲವನ್ನೂ ಬಳಸಿದರು. ಒಂದು ಬಲೆಗೆ ಬೀಳದ್ದು ಇನ್ನೊಂದಕ್ಕೆ ಬೀಳುತ್ತದೆ.

ಕೂಕಲ್ತೊರೈಯಲ್ಲಿ ನಾವೂ ಮಾಡಿ ನೋಡಬಹುದು. ತರಕಾರಿ ಹೊಲದಲ್ಲಿ ಹತ್ತು, ಚಹಾ ತೋಟದಲ್ಲಿ ಹತ್ತು, ನಮ್ಮದೇ ಜಮೀನಿನಲ್ಲಿ ಹಳೆಯ ಮರಗಳು ಉಳಿದ ಮೂಲೆಯಲ್ಲಿ ಹತ್ತು ಲೋಟಗಳನ್ನು, ಬಾಯಿ ನೆಲದ ಮಟ್ಟಕ್ಕೆ ಬರುವಂತೆ ಹೂಳಿರಿ. ಒಳಗೆ ಸ್ವಲ್ಪ ಸಾಬೂನು ನೀರು ಸಾಕು. ಎರಡು ದಿನ ಬಿಟ್ಟು ತೆಗೆದು ಬಗೆ ಬಗೆಯಾಗಿ ವಿಂಗಡಿಸಿರಿ. ತರಗೆಲೆಯನ್ನು ಜರಡಿಯಲ್ಲಿ ಬಿಳಿ ಬಟ್ಟೆಯ ಮೇಲೆ ಅಲ್ಲಾಡಿಸಿದರೆ ಲೋಟಕ್ಕೆ ಬೀಳದ ಪುಟ್ಟ ಇರುವೆಗಳೂ ಸಿಗುತ್ತವೆ. ಮಕ್ಕಳಿಗೆ ಇದು ಪಾಠಪುಸ್ತಕಕ್ಕಿಂತ ಹೆಚ್ಚು ಹಿಡಿಸುವ ಕೆಲಸ.

ಎರಡು ಎಚ್ಚರಿಕೆ. ಮೀಸಲು ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಹೂಳಬಾರದು. ಇನ್ನೊಂದು, ನಮ್ಮಂಥ ಎತ್ತರದ ತಂಪು ನೆಲದಲ್ಲಿ ಇರುವೆಯ ಬಗೆಗಳು ಬಯಲಿಗಿಂತ ಸಹಜವಾಗಿಯೇ ಕಡಿಮೆ. ಆದ್ದರಿಂದ ನಮ್ಮ ಶೋಲಾ ಕಾಡನ್ನು ಮಸಿನಗುಡಿಯ ಕಾಡಿನೊಡನೆ ಹೋಲಿಸಿ ಬಡವೆನ್ನುವುದು ನ್ಯಾಯವಲ್ಲ. ಒಂದೇ ಎತ್ತರ, ಒಂದೇ ತಿಂಗಳು, ಒಂದೇ ಸಂಖ್ಯೆಯ ಲೋಟ ಇರಲಿ.

ಕೋತಗಿರಿಯ ಬಳಿಯ ಲಾಂಗ್‌ವುಡ್ ಶೋಲಾ ಸುಮಾರು 116 ಹೆಕ್ಟೇರ್ ಮಾತ್ರ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಸುತ್ತಲಿನ ಊರುಗಳಿಗೆ ನೀರು ಕೊಡುವ ಕಾಡದು. ಅಂಥ ಕಾಡಿನ ನೆಲ ಮೆತ್ತಗೆ, ಗಾಳಿಯಾಡುವಂತೆ ಇರುವುದರಲ್ಲಿ ಮಣ್ಣು ಕೊರೆಯುವ ಇರುವೆಗಳ ಪಾಲೂ ಇದೆ. ಹೊಲದಂಚಿನಲ್ಲಿ ಬಿದ್ದ ಒಂದು ದಿಮ್ಮಿ, ಒಂದಿಷ್ಟು ತರಗೆಲೆಯನ್ನು ಸುಡದೆ ಬಿಟ್ಟು, ಮುಂದಿನ ವರ್ಷ ಅದೇ ತಿಂಗಳು ಮತ್ತೆ ಲೋಟ ಹೂಳಿ ಎಣಿಸಿರಿ.