ಸಹಾಯಧನ: ಉಳುವವರಿಗೋ, ಪಹಣಿಯಲ್ಲಿ ಹೆಸರಿದ್ದವರಿಗೋ?

ಮಕ್ಕಳೇ, ಈ ಪಾಠದಲ್ಲಿ ನಾವು 'ಸಹಾಯಧನ' ಎಂಬ ಪದವನ್ನು ತಿಳಿಯೋಣ. ಜನರ ತೆರಿಗೆ ಹಣದಿಂದ ಸರ್ಕಾರ ಕೊಡುವ ನೆರವೇ ಸಹಾಯಧನ. ಪದದ ಅರ್ಥ ಸುಲಭ. ಆದರೆ ಆ ಹಣ ಯಾರ ಕೈ ಸೇರುತ್ತದೆ ಎಂಬುದು ಅಷ್ಟು ಸುಲಭವಲ್ಲ.

ನಮ್ಮ ಟ್ರಾಯ್ ಹತ್ತಿರದ ಎಂ-53 ರಸ್ತೆಯಲ್ಲಿ ಉತ್ತರಕ್ಕೆ ಸುಮಾರು ಎರಡು ಗಂಟೆ ಹೋದರೆ ಹ್ಯೂರಾನ್ ಕೌಂಟಿಯ ಬ್ಯಾಡ್ ಆಕ್ಸ್ ಪಟ್ಟಣ ಸಿಗುತ್ತದೆ. ಕನ್ನಡದಲ್ಲಿ ಹೇಳುವುದಾದರೆ 'ಕೆಟ್ಟ ಕೊಡಲಿ'! ಸುತ್ತಲೂ ಮುಸುಕಿನ ಜೋಳ, ಸಕ್ಕರೆ ಬೀಟ್, ಹುರುಳಿಕಾಯಿ ಜಾತಿಯ ಕಾಳು, ಗೋಧಿಯ ಹೊಲಗಳು. ರೈತರು ಸಹಾಯಧನಕ್ಕೆ ಕೃಷಿ ಇಲಾಖೆಯ ಕೌಂಟಿ ಕಚೇರಿಗೆ ಹೋಗುತ್ತಾರೆ.

2014ರ ಕಾಯ್ದೆಯ ಒಂದು ಯೋಜನೆಯನ್ನು ನೋಡೋಣ. ಅದರಲ್ಲಿ ಜೋಳಕ್ಕೆ ಒಂದು ಬುಶೆಲ್‌ಗೆ, ಅಂದರೆ ಸುಮಾರು 25 ಕಿಲೋಗೆ, 3.70 ಡಾಲರ್ ಎಂದು ಬೆಲೆ ಗೊತ್ತುಮಾಡಿದ್ದರು. 2016ರ ಬೆಳೆಗೆ ದೇಶದ ಸರಾಸರಿ ಬೆಲೆ 3.36 ಡಾಲರ್. ಕೊರತೆ 34 ಸೆಂಟ್. ಈ ಯೋಜನೆಯನ್ನು ಆರಿಸಿಕೊಂಡ ರೈತನ ದಾಖಲೆಯಲ್ಲಿ 100 ಎಕರೆ ಜೋಳ, ಎಕರೆಗೆ 120 ಬುಶೆಲ್ ಇಳುವರಿ ಇದೆ ಎಂದುಕೊಳ್ಳಿ. ನೂರರಲ್ಲಿ 85 ಎಕರೆಗೆ ಮಾತ್ರ ಲೆಕ್ಕ. 85 × 120 × 0.34 = 3,468 ಡಾಲರ್. 1,000 ಎಕರೆಯಾದರೆ ಇದರ ಹತ್ತರಷ್ಟು. ಹೊಲ ದೊಡ್ಡದಾದಷ್ಟೂ ಹಣ ಹೆಚ್ಚು. ಒಬ್ಬರಿಗೆ ಇಂತಿಷ್ಟೇ ಎಂಬ ಮಿತಿಯೂ ಉಂಟು.

ಈಗ ನಮ್ಮ ಊರಿಗೆ ಬರೋಣ. 2019ರಲ್ಲಿ ಆರಂಭವಾದ ಪಿಎಂ-ಕಿಸಾನ್ ಯೋಜನೆಯಲ್ಲಿ ಅರ್ಹ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ. ಒಂದು ಎಕರೆ ಇರಲಿ, ಹತ್ತು ಎಕರೆ ಇರಲಿ, ಅಷ್ಟೇ. ಆದಾಯ ತೆರಿಗೆ ಕಟ್ಟುವವರಿಗೆ ಇಲ್ಲ.

ಹಾಗಾದರೆ 'ರೈತ' ಎಂದರೆ ಯಾರು? ಹ್ಯೂರಾನ್‌ನಲ್ಲಿ ಹೊಲವನ್ನು ನಗದು ಗೇಣಿಗೆ ಪಡೆದು ಬೆಳೆಯುವವನಿಗೇ ಸಹಾಯಧನ, ಏಕೆಂದರೆ ಬೆಳೆಯ ನಷ್ಟ ಅವನದು. ಪಾಲಿಗೆ ಕೊಟ್ಟಿದ್ದರೆ ಇಬ್ಬರಿಗೂ ಪಾಲು. ಪಿಎಂ-ಕಿಸಾನ್ ಹಣವಾದರೋ ಭೂದಾಖಲೆಯಲ್ಲಿ, ನಮ್ಮಲ್ಲಿ ಪಹಣಿಯಲ್ಲಿ, ಹೆಸರಿದ್ದವರಿಗೆ. ಗೇಣಿಗೆ ಉಳುವವರಿಗೆ ಇಲ್ಲ.

ಇದಕ್ಕೆ ಹಿಂದಿನ ಕಥೆಯೊಂದಿದೆ. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಿಂದ, ಉಳುವವನೇ ಹೊಲದೊಡೆಯನಾದ. ಲಕ್ಷಾಂತರ ಗೇಣಿದಾರರಿಗೆ ಭೂಮಿ ಸಿಕ್ಕಿತು. ಮುಂದೆ ಗೇಣಿಗೆ ಕೊಡುವುದಕ್ಕೇ ಬಹುಮಟ್ಟಿಗೆ ನಿಷೇಧ ಬಂತು. ಆದರೂ ಗೇಣಿ ನಿಲ್ಲಲಿಲ್ಲ. ಕಾಗದ ಬಿಟ್ಟು ಬಾಯಿಮಾತಿಗೆ ಇಳಿಯಿತು. ಬಾಯಿಮಾತಿಗೆ ಪಹಣಿಯಲ್ಲಿ ಜಾಗವೆಲ್ಲಿ? ಮಳೆ ಕೈಕೊಟ್ಟರೆ ನಷ್ಟ ಉಳುವವರದು, ನೆರವು ಮಾತ್ರ ಇನ್ನೊಬ್ಬರ ಖಾತೆಗೆ.

ಪೋಷಕರೇ, ಇದು ದೂರದ ಮಾತಲ್ಲ. ನಮ್ಮಲ್ಲಿ ಅನೇಕರ ಊರಿನ ಹೊಲವನ್ನು ಇಂದು ಬೇರೆ ಯಾರೋ ಉಳುತ್ತಿದ್ದಾರೆ. ಅವರ ಹೆಸರನ್ನಾದರೂ ನಮ್ಮ ಮಕ್ಕಳು ತಿಳಿದಿರಲಿ.

ಅಭ್ಯಾಸ
1. ಪದಗಳ ಅರ್ಥ ಬರೆಯಿರಿ: ಪಹಣಿ, ಗೇಣಿ, ಕೋರು, ಲಾವಣಿ, ಕಂತು.
2. ಬೆಲೆ 3.50 ಡಾಲರ್ ಇದ್ದಿದ್ದರೆ ಮೇಲಿನ 100 ಎಕರೆಯ ರೈತನಿಗೆ ಎಷ್ಟು ಸಿಗುತ್ತಿತ್ತು?
3. ಅಜ್ಜಿ-ತಾತನಿಗೆ ಫೋನ್ ಮಾಡಿ ಕೇಳಿ: ನಮ್ಮ ಹೊಲ ಉಳುವವರು ಯಾರು? ಬೆಳೆ ಹೋದರೆ ನಷ್ಟ ಯಾರದು?